ಮಹಿಷಾಸುರನ ಅವಸರ

ನಮ್ಮ ಗಂಗಾನಗರದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿನಿ ವಿಶ್ವವಿದ್ಯಾಲಯದ ಯಾವ ಸಂಘವನ್ನೂ ಬಿಟ್ಟವಳಲ್ಲ. ತಿಂಡಿಯನ್ನು ಮೆಟ್ಟಿಲಿಳಿಯುತ್ತಲೇ ತಿನ್ನುತ್ತಿದ್ದಳು. "ಕೂತು ತಿನ್ನಮ್ಮ" ಎಂದರೆ "ಎರಡೂ ಆಗತ್ತೆ ಅಂಕಲ್" ಎನ್ನುವಳು.

ವಾರ್ಷಿಕೋತ್ಸವದ ದಿನ ನಾಟಕವೂ ಚರ್ಚಾಸ್ಪರ್ಧೆಯ ಫೈನಲ್ಲೂ ಒಂದರ ಬೆನ್ನಿಗೊಂದು ಬಿದ್ದವು. ತಡವಾದರೆ ಅವಳ ಚರ್ಚಾತಂಡ ಸ್ಪರ್ಧೆಯಿಂದಲೇ ಹೊರಕ್ಕೆ. "ಎರಡೂ ಆಗತ್ತೆ" ಎಂದು ಮಹಿಷಾಸುರನ ವೇಷದಲ್ಲಿ ರಂಗಕ್ಕೆ ಬಂದಳು. ನಾನು ಮುಂದಿನ ಸಾಲಿನಲ್ಲಿದ್ದೆ. ದೇವಿಯಾಗಿದ್ದ ಗೆಳತಿ ತ್ರಿಶೂಲ ಹಿಡಿದು ಕುಣಿಯುತ್ತಲೇ ಇದ್ದಳು.

"ಬೇಗ ಸಾಯ್ಸೇ, ಡಿಬೇಟ್ ಶುರುವಾಯ್ತು!" ಅಸುರ ಪಿಸುಗುಟ್ಟಿದ್ದು ಮೈಕಿನಲ್ಲಿ ಕೇಳಿತು.

"ಇರೇ, ನಮ್ಮಮ್ಮ ವಿಡಿಯೋ ಮಾಡ್ತಿದ್ದಾರೆ ಕಣೇ," ಎಂದಳು ದೇವಿ.

ಅಸುರ ತಾನೇ ತ್ರಿಶೂಲಕ್ಕೆ ಎದೆಯೊಡ್ಡಿ ಸತ್ತ. ತಕ್ಷಣ ಎದ್ದು ಪಕ್ಕದ ಸಭಾಂಗಣಕ್ಕೆ ಓಡಿದ. ನಾನೂ ಹಿಂದೆ ನಡೆದೆ. ಅಲ್ಲಿ ಅವಳು ಕೊಂಬು ಬಿಚ್ಚದೆಯೇ ಪ್ರಾಣಿದಯೆಯ ಪರವಾಗಿ ಗುಡುಗಿದಳು. ಎದುರು ತಂಡ ಕುರ್ಚಿಗಳನ್ನು ಒಂದಡಿ ಹಿಂದಕ್ಕೆ ಎಳೆದುಕೊಂಡಿತು.