ತಿರುಗದ ಉಬ್ಬು

ಓರಗಿತ್ತಿಯನ್ನು ಬಾಯಿ ತುಂಬ ಹೊಗಳುವ ಓರಗಿತ್ತಿಯನ್ನು ನೀವು ನೋಡಿರಲಿಕ್ಕಿಲ್ಲ. ಈಗ ನೋಡಿ. ಅಕ್ಕ, ಅಂದರೆ ನನ್ನ ಭಾವನ ಹೆಂಡತಿ, ವಿಜ್ಞಾನಿ. ನಾನು ಅದೇ ಮನೆಯ ಕೆಳಗಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಏಗಿದ್ದೇವೆ, ಹಾಗಾಗಿ ನನ್ನ ಹೊಗಳಿಕೆ ಪುಕ್ಕಟೆಯದಲ್ಲ.

ಅವಳಿಗೊಂದು ಚಾಳಿ. ಯಾವುದನ್ನೂ ತಿರುಗಿಸಿ ನೋಡದೆ ನಂಬುವವಳಲ್ಲ. ತರಕಾರಿಯವನು ತೂಗಿಕೊಟ್ಟರೆ, ತಕ್ಕಡಿಯ ತಟ್ಟೆ ಅದಲುಬದಲು ಮಾಡಿಸಿ ಇನ್ನೊಮ್ಮೆ ತೂಗಿಸುತ್ತಾಳೆ. ಇವಳು ಬೀದಿ ತಿರುವಿನಲ್ಲಿ ಕಂಡರೆ ಸಾಕು, ಅವನ ಮುಖ ಹುಳ್ಳಗಾಗುತ್ತದೆ. ನಾನು ನನ್ನ ಗಂಡನ ಮೇಲೆ ದೂರು ತೆಗೆದುಕೊಂಡು ಹೋದರೂ ಅಷ್ಟೇ. "ಸರಿ, ಈಗ ನೀನೇ ಅವನು ಅಂದ್ಕೊಂಡು ಹೇಳು" ಅನ್ನುತ್ತಾಳೆ. ಹೇಳುವಷ್ಟರಲ್ಲಿ ಅರ್ಧ ಸಿಟ್ಟು ಇಳಿದುಹೋಗಿರುತ್ತದೆ. ಮನಸ್ಸು ಬಿಚ್ಚಿ ಜಗಳವಾಡಲಿಕ್ಕೂ ಬಿಡದವಳು.

ನಮ್ಮ ಮುಂದಿನ ಕೋಣೆಯ ಗೋಡೆಗೆ ಗಾಜಿನ ಕಟ್ಟು ಹಾಕಿಸಿದ ಒಂದು ಹಾಳೆ ತೂಗುತ್ತಿತ್ತು. ಹಾಳೆಯಲ್ಲಿ ಒಂದು ಗೆರೆ, ಗೆರೆಯ ನಡುವೆ ಒಂದು ಉಬ್ಬು. ಅಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಳೆದದ್ದು, ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದದ್ದು. ಕಟ್ಟು ಹಾಕಿಸಿದವರು ನಮ್ಮತ್ತೆ. ಮನೆಗೆ ಬಂದವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ "ಅದು ನಮ್ಮ ದೊಡ್ಡ ಸೊಸೆ ಕಂಡುಹಿಡಿದಿದ್ದು" ಎಂದು ಬೆರಳು ತೋರಿಸುತ್ತಿದ್ದರು. ನಾನು ಹೊಲಿದ ಪರದೆ ಅದರ ಪಕ್ಕದಲ್ಲೇ ಇತ್ತು. ಅದರ ಕಡೆ ಯಾರೂ ಬೆರಳು ತೋರಿಸಲಿಲ್ಲ, ಇರಲಿ.

ಉಬ್ಬು ಏನೆಂದು ಅಕ್ಕ ನನಗೆ ನನ್ನ ಕಸುಬಿನ ಮಾತಿನಲ್ಲೇ ಹೇಳಿದ್ದಳು. ಕಾಲರ್ ಒಳಗೆ ಕ್ಯಾನ್ವಾಸ್ ಇಟ್ಟು ಹೊಲಿಯುವ ಹಾಗೆ, ಎರಡು ಪದರ ಕೋಬಾಲ್ಟ್ ನಡುವೆ ಒಂದು ಪದರ ತಾಮ್ರ. ಒಂದೊಂದು ಪದರವೂ ಕೆಲವೇ ಪರಮಾಣುಗಳಷ್ಟು ದಪ್ಪ. ಕೋಬಾಲ್ಟ್ ಅಯಸ್ಕಾಂತವಾಗುವ ಲೋಹ, ತಾಮ್ರ ಅಲ್ಲ. ಆದರೆ ಅಂಥವರಿಬ್ಬರ ನಡುವೆ ಒತ್ತಿಕೊಂಡು ಕೂತ ತಾಮ್ರಕ್ಕೂ ಕಾಂತತೆ ಒಂದಿಷ್ಟು ಅಂಟುತ್ತದೆಯೇ? ಅಂಟುತ್ತದೆ, ಇಷ್ಟು ಅಂಟುತ್ತದೆ ಎಂದು ಹೇಳಿದ್ದೇ ಆ ಉಬ್ಬು. ಕಾಲೇಜು ಮಕ್ಕಳ ಪಠ್ಯಪುಸ್ತಕಕ್ಕೂ ಅದು ಹೋಯಿತು. ಅಕ್ಕನ ಹೆಸರು ನಿಂತದ್ದು ಅದರ ಮೇಲೆಯೇ.

ಹೋದ ವರ್ಷ ಎಲ್ಲೋ ದೂರದ ಪ್ರಯೋಗಾಲಯದವರು, ನಾವು ಅಳೆದೆವು, ನಮಗೆ ಉಬ್ಬು ಸಿಗಲಿಲ್ಲ ಎಂದು ಬರೆದರು. "ಅವರಿಗೆ ಅಳೆಯೋಕೆ ಬಂದಿಲ್ಲ, ಬಿಡು" ಎಂದು ಭಾವ ಪೇಪರ್ ಮಡಿಚಿದರು. ಅವಳ ಜೊತೆಯವರೂ ಅದನ್ನೇ ಹೇಳಿದರಂತೆ. ಅಕ್ಕ ಮಾತ್ರ ಇನ್ನೊಮ್ಮೆ ಅಳೆಯಲು ಯಂತ್ರದ ಸರದಿ ಕೇಳಿದಳು.

"ಇಲ್ಲದ ಉಸಾಬರಿ ಯಾಕಕ್ಕ?" ಎಂದೆ.

"ಒಂದು ಬಾಕಿ ಉಳಿದಿದೆ ಕಣೆ. ಆಗ ಬೆಳಕನ್ನ ತಿರುಗಿಸಿ ನೋಡಿದ್ದೆ. ಲೋಹದ ಪಕ್ಕ ಇಟ್ಟಿರೋ ಅಯಸ್ಕಾಂತಾನ ತಿರುಗಿಸಿ ನೋಡೋ ಹೊತ್ತಿಗೆ ನನ್ನ ಸರದಿ ಮುಗಿದಿತ್ತು. ಮುಂದಿನ ತಂಡದವರು ಬಾಗಿಲಲ್ಲೇ ನಿಂತಿದ್ರು."

ತಕ್ಕಡಿಯ ತಟ್ಟೆ ಯಾಕೆ ಅದಲುಬದಲಾಗುತ್ತಿತ್ತು ಎಂದು ನನಗೆ ಆಗ ಹೊಳೆಯಿತು.

ಸರದಿ ಬಂದಾಗ ಅವಳು ಯಂತ್ರವಿದ್ದಲ್ಲೇ ಠಿಕಾಣಿ ಹೂಡಿದಳು. ಒಂದು ಮಧ್ಯಾಹ್ನ ಊಟದ ಡಬ್ಬಿ, ಮಡಿಚಿದ ಬಟ್ಟೆ ತೆಗೆದುಕೊಂಡು ಹೋದೆ. ಗೇಟಿನಲ್ಲಿ ಕೊರಳಿಗೊಂದು ಚೀಟಿ ತಗುಲಿಸಿ ಒಳಗೆ ಬಿಟ್ಟರು. ದುಂಡನೆಯ ಕಟ್ಟಡ, ಎಷ್ಟು ದೊಡ್ಡದೆಂದರೆ ಒಳಗೇ ಸೈಕಲ್ ಹೊಡೆಯುತ್ತಾರೆ. ಗೋಡೆಯಾಚೆ ಕೊಳವೆಯಲ್ಲಿ ಎಲೆಕ್ಟ್ರಾನುಗಳು ಬಿದ್ದಂಬೀಳ ಸುತ್ತುತ್ತಿರುತ್ತವಂತೆ, ತಿರುವಿನಲ್ಲೆಲ್ಲ ಬೆಳಕು ಚೆಲ್ಲುತ್ತವಂತೆ. ಅಕ್ಕನ ಯಂತ್ರ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿಕೊಂಡು ಕೂತಿತ್ತು. ಇಷ್ಟು ದೊಡ್ಡ ಕಟ್ಟಡ ಕಟ್ಟಿದವರಿಗೆ ಒಂದು ನೆಟ್ಟಗಿನ ಹೊದಿಕೆ ಹೊಲಿಸಲು ಆಗಲಿಲ್ಲವೇ ಎಂದುಕೊಂಡೆ.

ಆಗ ಅಳೆದಿದ್ದ, ಉಗುರಿನಷ್ಟು ಅಗಲದ ಆ ಹಳೆಯ ಕೋಬಾಲ್ಟ್-ತಾಮ್ರದ ತುಣುಕನ್ನೇ ಅವಳು ಇಷ್ಟು ವರ್ಷ ಜೋಪಾನ ಮಾಡಿಟ್ಟಿದ್ದಳು. ಅದೀಗ ಯಂತ್ರದೊಳಗಿತ್ತು.

"ಒಂದೊಂದು ಲೋಹಕ್ಕೂ ಅದರದೇ ಬೆಳಕು ಇರುತ್ತೆ" ಎಂದು ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. "ತಾಮ್ರದ್ದು ಹಾಕಿದ್ರೆ ತಾಮ್ರ ಓಗೊಡುತ್ತೆ. ಆ ಬೆಳಕನ್ನ ಬಲಕ್ಕೆ ತಿರುಚಿ ಒಂದ್ಸಲ ಹಾಕ್ತೀವಿ, ಎಡಕ್ಕೆ ತಿರುಚಿ ಒಂದ್ಸಲ. ಕಾಂತತೆ ಇದ್ರೆ ಒಂದನ್ನ ಸ್ವಲ್ಪ ಜಾಸ್ತಿ ನುಂಗುತ್ತೆ. ಆ ವ್ಯತ್ಯಾಸನೇ ಉಬ್ಬು."

"ಅಯಸ್ಕಾಂತ ತಿರುಗಿಸಿದ್ರೆ?"

"ಉಬ್ಬು ತಲೆಕೆಳಗಾಗಬೇಕು. ನಿಜವಾದ್ದು ತಿರುಗುತ್ತೆ."

ಪರದೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಸೇರಿ ಗೆರೆಯಾದವು, ನಡುವೆ ಉಬ್ಬು ಎದ್ದಿತು. ನಮ್ಮ ಗೋಡೆಯ ಮೇಲಿದ್ದದ್ದೇ, ಪಡಿಯಚ್ಚು. ನನಗೆ ಹೋದ ಜೀವ ಬಂದಂತಾಯಿತು. "ಬಂತಲ್ಲಕ್ಕ. ಇನ್ನು ಊಟ ಮಾಡು" ಎಂದೆ.

ಅವಳು ಡಬ್ಬಿಯ ಕಡೆ ನೋಡಲೂ ಇಲ್ಲ. ಪಕ್ಕದಲ್ಲಿದ್ದ ಯಂತ್ರದ ಉಸ್ತುವಾರಿಯವರಿಗೆ "ಅಯಸ್ಕಾಂತ ತಿರುಗಿಸಿ" ಎಂದಳು.

ಮತ್ತೆ ಚುಕ್ಕೆಗಳು. ಉಬ್ಬು ಇದ್ದಲ್ಲೇ ಇತ್ತು, ಮೇಲ್ಮುಖವಾಗಿ. ಇನ್ನೊಮ್ಮೆ ತಿರುಗಿಸಿದರು. ಹಾಗೇ ಇತ್ತು. ಉಸ್ತುವಾರಿಯವರು ಗಂಟಲು ಸರಿಮಾಡಿಕೊಂಡು, "ತುಣುಕು ಹಳೇದಾಗಿ ಹಾಳಾಗಿರಬೇಕು ಮೇಡಂ. ಹಾಗಂತ ಬರೆದರಾಯ್ತು, ಯಾರೂ ಕೇಳಲ್ಲ" ಎಂದರು. ಒಳ್ಳೆಯ ಮನುಷ್ಯ, ಅವಳ ಮೇಲಿನ ಮಮತೆಯಿಂದಲೇ ಹೇಳಿದ್ದು.

"ಹಾಳಾಗಿದ್ರೆ ಉಬ್ಬೇ ಇರ್ತಿರಲಿಲ್ಲ" ಎಂದಳು ಅಕ್ಕ. "ಉಬ್ಬು ಇದೆಯಲ್ಲ. ತಿರುಗ್ತಿಲ್ಲ, ಅಷ್ಟೇ."

ಆಮೇಲೆ ಅವಳು ಡಬ್ಬಿ ಬಿಚ್ಚಿ ಪೂರ್ತಿ ಊಟ ಮಾಡಿದಳು. ಉಪ್ಪು ಕಡಿಮೆಯಾಗಿದೆ ಎಂದೂ ಹೇಳಿದಳು. ಕೈತೊಳೆದು ಬಂದವಳು, ಸರದಿ ಇನ್ನೂ ಇದೆ, ಈ ಉಬ್ಬು ಎಲ್ಲಿಂದ ಬಂತು ಅಂತ ಹುಡುಕೋಣ ಎಂದು ಕೂತಳು. ತನ್ನ ಹೆಸರಿಗೆ ತಾನೇ ಗುಂಡಿ ತೋಡುವ ಕೆಲಸವನ್ನು ಅಷ್ಟು ಶ್ರದ್ಧೆಯಿಂದ ಮಾಡುವವರನ್ನು ನಾನು ಬೇರೆ ಕಂಡಿಲ್ಲ.

ಕಾರಣ ಸಿಕ್ಕಿತು. ಬಲಕ್ಕೆ ತಿರುಚಿದ ಬೆಳಕು ಕೂದಲೆಳೆಯಷ್ಟು ಮೇಲಿನಿಂದ, ಎಡಕ್ಕೆ ತಿರುಚಿದ್ದು ಕೂದಲೆಳೆಯಷ್ಟು ಕೆಳಗಿನಿಂದ ಬರುತ್ತಿತ್ತು. ಎರಡೂ ತುಣುಕಿನ ಮೇಲೆ ಒಂದೇ ಜಾಗಕ್ಕೆ ಬೀಳುತ್ತಿರಲಿಲ್ಲ. ಬಿದ್ದ ಎರಡು ಜಾಗಗಳಲ್ಲಿ ತಾಮ್ರದ ದಪ್ಪ ಒಂದೇ ಸಮ ಇರಲಿಲ್ಲ. ಇಷ್ಟು ವರ್ಷ ಎಲ್ಲರೂ ಕಾಂತತೆ ಎಂದುಕೊಂಡದ್ದು ಆ ಏರುಪೇರನ್ನು. ತಾಮ್ರದಲ್ಲಿ ನಿಜವಾದದ್ದು ಏನಾದರೂ ಇದ್ದರೂ ಅದು ತುಂಬಾ ಸಣ್ಣದು, ತನ್ನ ಅಳತೆಗೆ ಸಿಕ್ಕಿಲ್ಲ ಎಂದಳು.

ಸರದಿ ಮುಗಿದ ದಿನ ಕರೆದುಕೊಂಡು ಬರಲು ನಾನೇ ಹೋದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು, "ಮಕ್ಕಳು ಅದನ್ನ ಓದಿ ಪರೀಕ್ಷೆ ಬರೆದಿದ್ದಾರೆ ಕಣೆ" ಎಂದಳು. ಆಮೇಲೆ ಅತ್ತಳು. ನಾನು ಅವಳ ಕೈ ಹಿಡಿದುಕೊಂಡೆ. ಅದಕ್ಕಿಂತ ಹೆಚ್ಚು ಏನು ಮಾಡಬೇಕೆಂದು ನನಗೆ ಗೊತ್ತಾಗಲಿಲ್ಲ.

ಕೆಲವು ತಿಂಗಳ ಮೇಲೆ ಅದೇ ಪತ್ರಿಕೆಯಲ್ಲಿ ಅವಳ ಬರಹ ಬಂತು. ಆ ಸಂಜೆ ಅವಳು ಸ್ಟೂಲು ಹತ್ತಿ ಗೋಡೆಯ ಕಟ್ಟು ಇಳಿಸಿದಳು.

"ಅದನ್ನ ಯಾಕಮ್ಮ ತೆಗೀತಿದ್ದೀಯ?" ಎಂದರು ಅತ್ತೆ.

"ಅದು ಸರಿಯಿಲ್ಲ ಅತ್ತೆ. ತಪ್ಪಾಗಿ ಅಳೆದಿದ್ದೆ."

"ಯಾರು ಹೇಳಿದ್ದು?"

"ನಾನೇ."

ಅತ್ತೆ ಕನ್ನಡಕ ಏರಿಸಿ ಮೇಜಿನ ಮೇಲಿದ್ದ ಹೊಸ ಪತ್ರಿಕೆಯನ್ನು ಎಳೆದುಕೊಂಡರು. "ಇದರಲ್ಲೇನು ಬರೆದಿದ್ದೀಯ?"

"ಅದು ತಪ್ಪು ಅಂತ."

"ನಿನ್ನ ಹೆಸರೆಲ್ಲಿದೆ?"

ಅಕ್ಕ ತೋರಿಸಿದಳು. ಅತ್ತೆ ಆ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿ ಪತ್ರಿಕೆಯನ್ನು ನನ್ನ ಕೈಗಿತ್ತರು. "ನಿನ್ನ ಕತ್ತರಿ ತಗೊಂಡು ಈ ಹಾಳೆ ನೀಟಾಗಿ ಕತ್ತರಿಸು. ಹಳೇದನ್ನ ತೆಗೆದು ಇದನ್ನ ಹಾಕಿ."

"ತಪ್ಪೊಪ್ಪಿಗೆನ ಯಾರಾದ್ರೂ ಗೋಡೆಗೆ ಹಾಕ್ತಾರಾ ಅತ್ತೆ?" ಎಂದಳು ಅಕ್ಕ.

"ಗೊತ್ತಿಲ್ಲದೆ ಸುಳ್ಳನ್ನ ಇಷ್ಟು ವರ್ಷ ತೂಗುಹಾಕಿದ್ದೆನಲ್ಲ. ಗೊತ್ತಿದ್ದೂ ನಿಜಾನ ಯಾಕೆ ಹಾಕಬಾರದು?"

ಅಕ್ಕ ಕಟ್ಟಿನ ಮೊಳೆ ಕೀಳಲು ಇಕ್ಕಳ ತರುತ್ತೇನೆಂದು ಒಳಗೆ ಹೋದಳು. ಇಕ್ಕಳ ಮೇಜಿನ ಮೇಲೇ ಇತ್ತು. ಅವಳು ಬರುವವರೆಗೆ ನಾವಿಬ್ಬರೂ ಅದನ್ನು ಮುಟ್ಟಲಿಲ್ಲ.