ದ್ವೀಪದವರು ರಘುವಿಗೆ ಕೊಡದೇ ಹೋದದ್ದು

ರಘುವಿಗೆ ಫಿಟ್ಸ್ ಬಂದದ್ದು ಕುಡಿದಾಗ ಅಲ್ಲ. ಕುಡಿಯುವುದನ್ನು ಬಿಟ್ಟಾಗ.

ಅವತ್ತು ಭಾನುವಾರ. ಜಪಾನಿನ ನಿಶಿ ಕಸಾಯಿಯ ನಮ್ಮ ಫ್ಲಾಟಿನಲ್ಲಿ ದೋಸೆ ಹುಯ್ಯುತ್ತಿದ್ದೆ. "ಇನ್ನು ಮುಟ್ಟಲ್ಲ ಕಣೇ" ಎಂದು ಅವನು ಹೇಳಿ ಒಂದೆರಡು ದಿನವಾಗಿತ್ತಷ್ಟೆ. ಬೆವರುತ್ತಿದ್ದ, ನಡುಗುತ್ತಿದ್ದ. ಜ್ವರವಿರಬೇಕು ಅಂದುಕೊಂಡಿದ್ದೆ. ತಟ್ಟೆ ಬಿದ್ದ ಸದ್ದಾಯಿತು. ತಿರುಗಿದರೆ ನನ್ನ ಗಂಡ ನೆಲದ ಮೇಲೆ ಕೊರಡಿನಂತೆ ಸೆಟೆದುಕೊಂಡಿದ್ದ. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಎಂಟು ವರ್ಷದ ಮಗಳು ಅನನ್ಯಾ. ಅವಳ ಜಪಾನಿ ನನ್ನದಕ್ಕಿಂತ ಚೆನ್ನ.

ಸ್ಕ್ಯಾನ್ ನೋಡಿದ ಡಾಕ್ಟರ್ ಮೆದುಳಿನಲ್ಲಿ ಏನೂ ತೊಂದರೆಯಿಲ್ಲ ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಕೇಳಿದರು: "ಮೇಡಂ, ನಿಮ್ಮ ಯಜಮಾನರು ದಿನಕ್ಕೆ ಎಷ್ಟು ಕುಡಿಯುತ್ತಾರೆ?"

ನನಗೆ ಗೊತ್ತಿರಲಿಲ್ಲ.

ಆಲ್ಕೋಹಾಲ್ ವಿಥ್‌ಡ್ರಾವಲ್. ಲಿವರ್ ಊದಿಕೊಂಡಿತ್ತು. ಆಫೀಸಿನವರ ಜೊತೆಗಿನ ಪಾರ್ಟಿಯಲ್ಲಿ ಶುರುವಾದದ್ದು ಯಾವಾಗಲೋ ಒಂಟಿ ಕುಡಿತವಾಗಿ, ಮೈಗೆ ಅದಿಲ್ಲದೆ ನಡೆಯದಂತಾಗಿತ್ತು. ಆಸ್ಪತ್ರೆಯಲ್ಲಿ ಡೀಟಾಕ್ಸ್ ಮುಗಿಸಿ ಮನೆಗೆ ಬಂದ. ಸ್ಟೇಷನ್ನಿನ ದಾರಿಯುದ್ದಕ್ಕೂ ಹಗಲಿರುಳೂ ತೆರೆದಿರುವ ಕೊಂಬಿನಿ ಅಂಗಡಿಗಳು, ಪ್ರತಿಯೊಂದರಲ್ಲೂ ತಣ್ಣಗಿನ ಬಿಯರ್ ಕ್ಯಾನುಗಳ ಗೋಡೆ. ವಾರ ಕಳೆಯುವುದರೊಳಗೆ ಮತ್ತೆ ಕುಡಿದ.

ಎರಡನೇ ಸಲ ಅಡ್ಮಿಟ್ ಆದಾಗ ಡಾಕ್ಟರ್ ಒಂದು ದ್ವೀಪದ ಬಗ್ಗೆ ಹೇಳಿದರು. ದಕ್ಷಿಣದ ಸಮುದ್ರದಲ್ಲಿರುವ ಪುಟ್ಟ ಊರು. ಅಲ್ಲೊಂದು ರಿಹ್ಯಾಬ್ ಮನೆ, ನರ್ಸ್ ಇರುವ ಕ್ಲಿನಿಕ್, ಇರುವುದು ಒಂದೇ ಅಂಗಡಿ.

ಅನನ್ಯಾಳನ್ನು ಗೆಳತಿಯ ಮನೆಯಲ್ಲಿರಿಸಿ, ಹಡಗಿನಲ್ಲಿ ಅವನನ್ನು ಕರೆದುಕೊಂಡು ಹೋಗಿ ಬಿಟ್ಟು, ಬಂದರಿನ ಬಳಿ ಒಂದು ಕೋಣೆ ಹಿಡಿದು ಉಳಿದುಕೊಂಡೆ. ಮರುದಿನ ಬೆಳಿಗ್ಗೆ ರಿಹ್ಯಾಬಿನಿಂದ ಫೋನ್ ಬಂತು. ರಘು ಅಲ್ಲಿಲ್ಲ.

ಓಡಿದೆ. ಅವನು ಅಂಗಡಿಯಲ್ಲಿದ್ದ. ಮಂಡಿಯೂರಿ ಕೂತಿದ್ದ. ಟೀಮ್ ಲೀಡ್ ರಘು, ಮೀಟಿಂಗುಗಳಲ್ಲಿ ದನಿ ತಗ್ಗಿಸದವನು, "ಸುಮಿಮಾಸೆನ್, ದಯವಿಟ್ಟು, ಒಂದೇ ಒಂದು ಕ್ಯಾನ್" ಎಂದು ಗೋಗರೆಯುತ್ತಿದ್ದ. ಅಂಗಡಿಯ ಅಜ್ಜಿ ಹಾರು-ಸಾನ್ ಕೌಂಟರ್ ದಾಟಿ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಅವನೆದುರು ನೆಲದ ಮೇಲೆ ಕೂತು, ಹಣೆ ನೆಲಕ್ಕೆ ತಾಗುವವರೆಗೆ ಬಾಗಿದರು.

"ಕ್ಷಮಿಸಿ. ಕೊಡಲಾರೆ."

ರಘು ಎದ್ದು, ನನ್ನನ್ನು ಪಕ್ಕಕ್ಕೆ ತಳ್ಳಿ ಹೊರಗೆ ನಡೆದುಬಿಟ್ಟ. ಹಾರು-ಸಾನ್ ನನ್ನ ಕೈ ಹಿಡಿದು ಕೂರಿಸಿದರು. ಕುಡಿತಕ್ಕೆ ಅವರ ತಮ್ಮ ಬಲಿಯಾಗಿದ್ದ, ಊರಿನ ಇನ್ನೂ ಕೆಲವರು ಬಲಿಯಾಗಿದ್ದರು. ಆಮೇಲೆ ಎಲ್ಲ ಮನೆಯವರೂ ಒಟ್ಟಿಗೆ ಕೂತು ತೀರ್ಮಾನಿಸಿದರಂತೆ: ಅಂಗಡಿಯಲ್ಲಿ ಮದ್ಯ ಇಡುವುದಿಲ್ಲ, ಬೇಕಾದವರು ಆಚೆಯಿಂದ ತರಿಸಿ ಮನೆಯೊಳಗೇ ಕುಡಿಯಬೇಕು, ರಿಹ್ಯಾಬಿನವರಿಗೆ ಯಾರೂ ಒಂದು ತೊಟ್ಟೂ ಕೊಡಕೂಡದು.

"ಕಾನೂನಾ?" ಎಂದೆ.

"ಕಾನೂನಲ್ಲಮ್ಮಾ. ಮಾತು ಕೊಟ್ಟಿದ್ದೇವೆ."

ಮಧ್ಯಾಹ್ನ ರಘು ತಾನಾಗಿಯೇ ರಿಹ್ಯಾಬಿಗೆ ವಾಪಸ್ ಬಂದ. ಸಿಕ್ಕ ಸಿಕ್ಕ ಮನೆಯ ಬಾಗಿಲು ತಟ್ಟಿ ಮದ್ಯ ಬೇಡಿದ್ದನಂತೆ. ಯಾರೂ ಓಡಿಸಿರಲಿಲ್ಲ. ಯಾರೂ ಬರಿಗೈಯಲ್ಲಿ ಕಳಿಸಿಯೂ ಇರಲಿಲ್ಲ. ಅವನ ಜಾಕೆಟ್ಟಿನ ತುಂಬ ಗೆಣಸು, ಕಿತ್ತಳೆ, ಬಿಸಿ ಅನ್ನದುಂಡೆ, ಜೊತೆಗೆ ಒಣಮೀನು. ಹುಟ್ಟಿದಾಗಿನಿಂದ ಮೀನು ಮುಟ್ಟದವನು ಅದನ್ನು ಮಗುವಿನಂತೆ ಎತ್ತಿಕೊಂಡು ನಿಂತಿದ್ದ.

"ಎಲ್ಲಾ ಕೊಟ್ರು ಕಣೇ," ಎಂದ. "ಅದೊಂದನ್ನ ಮಾತ್ರ ಕೊಡ್ಲಿಲ್ಲ."

ಆಮೇಲೆ ಅತ್ತ. ಮದುವೆಯಾದ ಮೇಲೆ ಅವನು ಅತ್ತದ್ದನ್ನು ನಾನು ಮೊದಲ ಬಾರಿಗೆ ನೋಡಿದೆ.

ತಿಂಗಳುಗಳ ನಂತರ ಅವನನ್ನು ಕರೆತರಲು ಅನನ್ಯಾಳೊಂದಿಗೆ ಹೋದೆ. ಅಂದು ಯಾರದೋ ಹೊಸ ದೋಣಿ ನೀರಿಗಿಳಿಯುವ ದಿನ. ಇಂಥ ದಿನ ಸಾಕೆ ಎಂಬ ಅಕ್ಕಿಯ ಮದ್ಯ ಹಂಚುವುದು ವಾಡಿಕೆ. ರಿಹ್ಯಾಬಿನವರನ್ನೂ ಕರೆದಿದ್ದರು. ನಾನು ರಘುವಿನ ಪಕ್ಕಕ್ಕೆ ಸರಿದು ನಿಂತೆ. ದೊಡ್ಡ ಕೆಟಲ್ ಬಂತು. ಲೋಟಗಳಿಗೆ ಸುರಿದದ್ದು ಬಾರ್ಲಿ ಚಹಾ. ರಿಹ್ಯಾಬಿನವರಿಗಷ್ಟೇ ಅಲ್ಲ, ದೋಣಿಯ ಯಜಮಾನನಿಗೂ, ಕಡಲಿನಲ್ಲೇ ಮುಪ್ಪಾದ ಮುದುಕರಿಗೂ. ಬಿಸಿಲಿಗೆ ಸುಟ್ಟ ಆ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ನಮ್ಮ ಭಾಷೆ ಗೊತ್ತಿಲ್ಲದ, ನಮ್ಮಿಂದ ಏನೂ ಬೇಕಿಲ್ಲದ ಒಂದು ಇಡೀ ಊರು, ಎಲ್ಲಿಂದಲೋ ಬಂದ ನನ್ನ ಗಂಡನಿಗೋಸ್ಕರ ತನ್ನ ಹಬ್ಬದ ಲೋಟವನ್ನೇ ಬದಲಾಯಿಸಿಕೊಂಡಿತ್ತು.

"ಅಪ್ಪ, ಕಂಪಾಯಿ!" ಎಂದು ಅನನ್ಯಾ ಅವನ ಲೋಟಕ್ಕೆ ತನ್ನದನ್ನು ತಾಗಿಸಿದಳು.

ಈಗ ಮನೆಯಲ್ಲಿದ್ದೇವೆ. ನಡುವೆ ಒಮ್ಮೆ ಮತ್ತೆ ಕುಡಿತಕ್ಕೆ ಜಾರಿದ. ತಾನೇ ಬಂದು ಹೇಳಿದ. ಸಂಜೆ ಕುಡಿತ ಬಿಟ್ಟವರ ಮೀಟಿಂಗಿಗೆ ಹೋಗುತ್ತಾನೆ. ಪೂರ್ತಿ ವಾಸಿಯಾಯಿತಾ ಎಂದು ಮೈಸೂರಿನಿಂದ ಅತ್ತೆ ಕೇಳುತ್ತಿರುತ್ತಾರೆ.

"ಇವತ್ತು ಕುಡಿದಿಲ್ಲ ಅತ್ತೆ," ಎನ್ನುತ್ತೇನೆ. ನಾಳೆಯದು ನನಗೆ ಗೊತ್ತಿಲ್ಲ. ಆದರೆ ಹೇಳುವುದು ನಿಜ.