ಹಲುಬೆಯ ಕಲ್ಲು

ಚೆಂಡುಹೂವಿನ ಹೊಲದಲ್ಲಿ, ನಮ್ಮನೆಯವರನ್ನು ಮಣ್ಣು ಮಾಡಿದ ಜಾಗಕ್ಕೆ ಯಾರೋ ಕೆಂಪು ಬಟ್ಟೆ ಕಟ್ಟಿದ ಗೂಟ ಹೊಡೆದಿದ್ದರು. ಕಿತ್ತು ಬದುವಿನಾಚೆ ಎಸೆದೆ. ಮಾರನೆಯ ಬೆಳಗ್ಗೆ ಹೋದರೆ ಗೂಟ ಮತ್ತೆ ಅಲ್ಲೇ ನಿಂತಿತ್ತು. ಪಕ್ಕದಲ್ಲಿ ಟೋಪಿ ಹಾಕಿಕೊಂಡ ಒಬ್ಬಳು ಹುಡುಗಿ, ಸೊಂಟದಲ್ಲಿ ಸುತ್ತಿಗೆ ಸಿಕ್ಕಿಸಿಕೊಂಡು, ಸಮಾಧಿಯ ಮೇಲಿನ ಕಲ್ಲನ್ನು ಸವರುತ್ತಾ ಕೂತಿದ್ದಳು.

“ಅದನ್ಯಾಕಮ್ಮಿ ಮುಟ್ಟೀಯೆ? ಏಳು ಮೇಲೆ.”

ಎದ್ದಳು. ಚಾಮರಾಜನಗರದವಳಂತೆ. ನೆಲದೊಳಗೆ ಏನಿದೆ ಎಂದು ಹುಡುಕುವ ಕೆಲಸವಂತೆ.

“ಈ ಕಲ್ಲು ನೋಡಿ ಅಜ್ಜಿ, ಹಸಿರು ಹತ್ತಿದೆ. ಒಳಗೆ ತಾಮ್ರ ಇದ್ರೆ ಹಿಂಗಾಗುತ್ತೆ. ತಾಮ್ರದ ಜೊತೆ ಸತು, ಬೆಳ್ಳಿನೂ ಇರಬಹುದು. ಇಲ್ಲಿ ಉದ್ದಕ್ಕೆ ಒಂದು ಗುಂಡಿ ತೋಡಿಸಿ ನೋಡ್ಬೇಕು.”

“ತೋಡ್ಸು. ಕೆಳಗೆ ನನ್ನ ಗಂಡ ಕುಂತವ್ರೆ. ಏನದೆ ಅಂತ ಅವರನ್ನೇ ಕೇಳ್ಬುಡು.”

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಅವಳದೇನೂ ತಪ್ಪಿಲ್ಲ. ನಮ್ಮಲ್ಲಿ ಸುಡುವುದಿಲ್ಲ. ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಹಾಕಿ ಮಣ್ಣು ಮುಚ್ಚುತ್ತೇವೆ. ಮೇಲೆ ಗದ್ದುಗೆ ಕಟ್ಟಿಸುವವರು ಕಟ್ಟಿಸುತ್ತಾರೆ. ನಾನು ಕಟ್ಟಿಸಲಿಲ್ಲ, ಆ ಕಲ್ಲೊಂದನ್ನು ಇಟ್ಟೆ. ಅದಕ್ಕೆ ಬಳಿದ ವಿಭೂತಿ ಮಳೆಗೆ ತೊಳೆದುಹೋಗಿತ್ತು. ಸುತ್ತ ಹೂವಿನ ಗಿಡ ಎದ್ದಿತ್ತು. ಹೊಸಬರಿಗೆ ಅದು ಹೊಲದಲ್ಲಿ ಬಿದ್ದ ಕಲ್ಲು, ಅಷ್ಟೆ.

ಅವಳು ದೂರ ಹೋಗಿ ತನ್ನ ಸಾಹೇಬರಿಗೆ ಫೋನು ಹಚ್ಚಿದಳು. ಆ ಮನುಷ್ಯನ ಗಂಟಲು ದೊಡ್ಡದು, ನನಗೂ ಕೇಳಿಸಿತು. ಇಷ್ಟು ಒಳ್ಳೆಯ ಹಸಿರು ಕಲ್ಲು ಸುತ್ತಮುತ್ತ ಬೇರೆಲ್ಲೂ ಸಿಕ್ಕಿಲ್ಲ, ನೆಲದಿಂದ ಎದ್ದ ಕಲ್ಲಾದರೆ ಕೆಳಗೆ ಅದರ ಬಂಡೆ ಇದ್ದೇ ಇರುತ್ತದೆ, ಬಿಡಲಾಗದು, ಮನೆಯವರನ್ನು ಒಪ್ಪಿಸು ಅಂದ. ನಾನು ಬದುವಿನ ಮೇಲೆ ಕೂತೆ. ಬದುಕಿದ್ದಾಗ ನಮ್ಮನೆಯವರು ಒಂದು ದಿನ ನೆಟ್ಟಗೆ ಕೂತವರಲ್ಲ. ಈಗ ಕೂತಿದ್ದಾರೆ, ಈಗಲೂ ಎಬ್ಬಿಸಬೇಕೇ?

“ಕೂಸೆ, ಬಾ ಇಲ್ಲಿ. ಅದು ನೆಲದಿಂದ ಎದ್ದ ಕಲ್ಲಲ್ಲ. ನಮ್ಮ ಹಲುಬೆ ಕಲ್ಲು.”

ಅವಳಿಗೆ ಹಲುಬೆ ಗೊತ್ತಿರಲಿಲ್ಲ. ಹೇಳಿದೆ. ರಾಗಿ ಪೈರಿನಲ್ಲಿ ಎಳೆಯುವ ಹಲ್ಲಿನ ಮರ ಅದು. ಹಲ್ಲು ಮಣ್ಣಿಗೆ ಇಳಿಯಬೇಕಾದರೆ ಮೇಲೆ ಭಾರ ಕಟ್ಟಬೇಕು. ನಮ್ಮನೆಯವರು ಎಲ್ಲಿಂದಲೋ ಈ ಕಲ್ಲನ್ನು ಹೊತ್ತು ತಂದಿದ್ದರು. ನೋಡಲು ಗಿಡ್ಡ, ಎತ್ತಲು ಹೋದರೆ ಸೊಂಟ ಹಿಡಿಯುವಷ್ಟು ಭಾರ. ಅದಕ್ಕೇ ಅವರಿಗೆ ಅದರ ಮೇಲೆ ಆಸೆ. ಹಲುಬೆ ಮುರಿದು ಒಲೆ ಸೇರಿದ ಮೇಲೂ ಕಲ್ಲನ್ನು ಬಿಟ್ಟಿರಲಿಲ್ಲ. ಅವರು ಹೋದಾಗ ತಲೆಯ ಮೇಲೆ ಇಡಲು ಅದಕ್ಕಿಂತ ಅವರದು ಎನ್ನುವ ಸಾಮಾನು ಮನೆಯಲ್ಲಿ ಬೇರೆ ಇರಲಿಲ್ಲ.

“ಎಲ್ಲಿಂದ ತಂದ್ರು ಅಜ್ಜಿ?”

“ನಾನ್ ಕೇಳ್ನಿಲ್ಲ. ಸೀರೆ ತಂದಿದ್ರೆ ಕೇಳ್ತಿದ್ದೆ.”

ನಕ್ಕಳು. ಆಮೇಲೆ ತಲೆ ಬಗ್ಗಿಸಿದಳು. “ನಾನು ನಂಬ್ತೀನಿ. ಸಾಹೇಬ್ರು ಕಣ್ಣಲ್ಲಿ ನೋಡ್ದೆ ನಂಬಲ್ಲ. ಒಂದು ಸಲ ಕಲ್ಲು ಎತ್ತಿ ಅಡಿ ನೋಡಿದ್ರೆ ತೀರ್ಮಾನ ಆಗುತ್ತೆ. ಬೇಡ ಅಂದ್ರೆ ಮುಟ್ಟಲ್ಲ.”

ಇಟ್ಟ ದಿನದಿಂದ ಅದನ್ನು ಯಾರೂ ಅಲುಗಿಸಿರಲಿಲ್ಲ. ಸುಮ್ಮನೆ ಕೂತರೆ ಗುಂಡಿ ತಪ್ಪುವುದಿಲ್ಲ. ಗುಡಿಸಲಿನಿಂದ ಹಾರೆ ತಂದು ನಾನೇ ಮೀಟಿದೆ. ಅವಳು ತಬ್ಬಿ ಹಿಡಿದಳು. “ಮೆಲ್ಲಕೆ, ಮೆಲ್ಲಕೆ” ಅಂತ ನಾನು ಹೇಳಬೇಕಾದ್ದನ್ನು ಅವಳೇ ಹೇಳುತ್ತಿದ್ದಳು. ಕೆಳಗಿಡುವಾಗ ಮಣ್ಣಿಗೆ ಇಡಲಿಲ್ಲ. ಕತ್ತಿನಲ್ಲಿದ್ದ ಒಗೆದ ಟವೆಲನ್ನು ಹಾಸಿ ಅದರ ಮೇಲೆ ಮಲಗಿಸಿದಳು. ಅದನ್ನು ನಾನು ನೋಡಿದೆ.

ಅಡಿಯಲ್ಲಿ ಬರೀ ಸಡಿಲ ಕಪ್ಪು ಮಣ್ಣು, ಎರಡು ಎರೆಹುಳ. ಬಂಡೆಯೂ ಇಲ್ಲ, ಹಸಿರೂ ಇಲ್ಲ. ಕಲ್ಲಿನ ಹೊಟ್ಟೆಯಲ್ಲಿ ಹಗ್ಗ ಉಜ್ಜಿ ಸವೆದ ನುಣುಪು. ಅವಳು ಫೋಟೋ ಹಿಡಿದು ಕಳಿಸಿದಳು. ಸ್ವಲ್ಪ ಹೊತ್ತಿಗೆ ಫೋನು ಬಂತು. ಈ ಸಲ ಸಾಹೇಬನ ಗಂಟಲು ಸಣ್ಣಗಿತ್ತು. ಅವಳು ಗೂಟ ಕಿತ್ತು ಕಂಕುಳಲ್ಲಿಟ್ಟುಕೊಂಡಳು.

“ಈ ಹಸಿರು ಎಷ್ಟು ಉಜ್ಜುದ್ರೂ ಓಗಲ್ಲ ಕಣಮ್ಮಿ,” ಅಂದೆ. “ಸೋಮವಾರ ಸೋಮವಾರ ಹುಣಸೆಹಣ್ಣು ಹಾಕಿ ತಿಕ್ತೀನಿ, ಕೊಡ ತಿಕ್ಕಿದಂಗೆ. ಮತ್ತೆ ಬತ್ತದೆ.”

“ಅಯ್ಯೋ ಅಜ್ಜಿ! ಊರೂರು ಸುತ್ತಿ ನಾವು ಹುಡುಕೋದೇ ಆ ಕಿಲುಬನ್ನ. ನೀವು ತಿಕ್ಕಿ ತೊಳೀತಿದ್ದೀರಲ್ಲ!”

“ಅವರ ಬೆನ್ನೂ ಹಂಗೇ. ತಿಕ್ಕಿದಷ್ಟೂ ಕೊಳೆ.”

ಕೊರಳಿನ ದಾರದಲ್ಲಿದ್ದ ಪುಟ್ಟ ಭೂತಗನ್ನಡಿಯನ್ನು ನನ್ನ ಕಣ್ಣಿಗೆ ಹಿಡಿದಳು. ಪೊರೆ ತೆಗೆಸಿದ ಕಣ್ಣು, ಚೆನ್ನಾಗಿಯೇ ಕಂಡಿತು. ಹಸಿರೊಳಗೆ ಹಸಿರು, ನಡುನಡುವೆ ಹಿತ್ತಾಳೆಯಂಥ ಮಿಂಚು. ಇಷ್ಟು ವರ್ಷ ಕೈಯಾಡಿಸಿದ ಕಲ್ಲು. ಒಳಗೆ ಹಿಂಗಿದೆ ಎಂದು ನನಗೆ ತಿಳಿದಿರಲಿಲ್ಲ.

ಚೂರು ಬೇಕೆಂದು ಅವಳು ಕೇಳಲಿಲ್ಲ. ಸುತ್ತಿಗೆಯನ್ನೂ ಮುಟ್ಟಲಿಲ್ಲ. ನಾನೇ ಅಂದೆ, “ಅಡಿಗಡೆ ಒಂಚೂರು ಒಡ್ಕೊ. ಮೇಲ್ಗಡೆ ಬ್ಯಾಡ, ಅದು ಮುಖ.”

ಒಂದೇ ಏಟು. ಚೂರನ್ನು ಬಟ್ಟೆಚೀಲಕ್ಕೆ ಹಾಕಿ, ಚೀಲದ ಮೇಲೆ ಏನೋ ಬರೆದಳು. ಕಲ್ಲನ್ನು ಎತ್ತುವಾಗ, “ಯಾವ ಕಡೆ ನೋಡ್ತಿತ್ತು ಅಜ್ಜಿ?” ಅಂದಳು. ಗೋಪಾಲಸ್ವಾಮಿ ಬೆಟ್ಟದ ಕಡೆ, ಅಂದೆ. ಹಾಗೇ ಕೂರಿಸಿ, ಸುತ್ತಲ ಮಣ್ಣನ್ನು ಅಂಗೈಯಿಂದ ಒತ್ತಿದಳು. ಆಮೇಲೆ ಹುಡುಗಿಯ ಕಡೆಯವರು ಮೇಲಿನ ಹಳ್ಳದುದ್ದಕ್ಕೂ ಹುಡುಕಿದರು. ಕಲ್ಲು ಎಲ್ಲಿಯದೆಂದು ಇನ್ನೂ ಗೊತ್ತಾಗಿಲ್ಲ.

ಹೂವು ಕೊಯ್ದು ಗುಂಡ್ಲುಪೇಟೆಯ ಲಾರಿಗೆ ಹಾಕಿದ ಎಷ್ಟೋ ದಿನದ ಮೇಲೆ ಅವಳು ಫೋನು ಮಾಡಿದಳು. ಚೂರಿನಲ್ಲಿ ತಾಮ್ರ ಚೆನ್ನಾಗಿದೆಯಂತೆ, ಸತುವೂ ಇದೆಯಂತೆ.

“ಬೆಳ್ಳಿನೂ ಇದೆ ಅಜ್ಜಿ, ಒಂದು ಚೂರು.”

ಆ ಸೋಮವಾರ ನೀರು, ವಿಭೂತಿ ಮಾತ್ರ ಒಯ್ದೆ, ಹುಣಸೆಹಣ್ಣು ಒಯ್ಯಲಿಲ್ಲ. ಹಸಿರು ಇದ್ದರೆ ಇರಲಿ. “ಅಲ್ಲ ಕಣಿ, ಬೆಳ್ಳಿ ತಂದು ಹಲುಬೆಗೆ ಕಟ್ಟಿದ್ರಲ್ಲಾ, ನಂಗೊಂದ್ ಮಾತು ಹೇಳಬಾರ್ದಾ?” ಅಂತ ಬೈದೆ. ಬೈದು, ಅಲ್ಲೇ ಸ್ವಲ್ಪ ಹೊತ್ತು ಕೂತು, ಕಳೆ ಕೀಳಲು ಹೋದೆ.